ಹೊಳೆದಂಡೆಗೆ ಬಂದು ಬಿದ್ದ ಮನೆಗಳು

ಹಂಗಾರಕಟ್ಟೆಯ ಬಾಗಿಗೆ ಹೊಳೆಯಲ್ಲಿ ಮಳಿ ಎಂಬ ಚಿಪ್ಪುಮೀನು ಹೆಕ್ಕುವುದು ಬಿಟ್ಟು ಬೇರೆ ಕಸುಬು ಗೊತ್ತಿರಲಿಲ್ಲ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು, ಕಾಲ್ಬೆರಳಲ್ಲೇ ಕೆಸರು ತಡವಿ ಚಿಪ್ಪು ಹುಡುಕುತ್ತಿದ್ದಳು. ದೊಡ್ಡದು ಬುಟ್ಟಿಗೆ, ಉಗುರಿನಷ್ಟು ಸಣ್ಣದು ಬೀಜಕ್ಕೆಂದು ವಾಪಸು ಹೊಳೆಗೆ. ಅತ್ತೆಯ ಕಾಲದಿಂದ ಬಂದ ಕ್ರಮ. ಅದನ್ನು ಮೀರಿದವರಿಗೆ ಬಾಗಿಯ ಬೈಗುಳ ತಪ್ಪುತ್ತಿರಲಿಲ್ಲ.

ಅವಳ ಚಿಂತೆಯೆಲ್ಲ ಮನೆಯ ಹಿಂದಿನ ದಂಡೆಯದ್ದು. ಪ್ರತಿ ಮಳೆಗಾಲ ಹೊಳೆ ಅದನ್ನು ಕೊರೆಯುತ್ತಿತ್ತು. ಹಿಂದೆಲ್ಲ ಊರಲ್ಲಿ ಹಳೆಮನೆ ಕೆಡವಿದರೆ ಮಣ್ಣನ್ನೂ ಗಾರೆಯನ್ನೂ ತಂದು ದಂಡೆಗೆ ಸುರಿಯುತ್ತಿದ್ದರು. ಗಾರೆಯ ಸುಣ್ಣ ಹೊಳೆಯ ಚಿಪ್ಪು ಸುಟ್ಟು ಮಾಡಿದ್ದೇ. ಹೊಳೆಯದ್ದು ಹೊಳೆಗೆ ಹೋದರೆ ಯಾರಿಗೇನು ನಷ್ಟ? ಹಾಗಾಗಿ ೨೦೧೨ರ ಸುಮಾರಿಗೆ, ಹೆದ್ದಾರಿ ಅಗಲ ಮಾಡಲು ಪೇಟೆಯ ಕಟ್ಟಡಗಳನ್ನು ಉರುಳಿಸಿದಾಗ, ಸುರಿಯಲು ಜಾಗ ಹುಡುಕುತ್ತಿದ್ದ ಲಾರಿಗೆ ಬಾಗಿಯೇ ಕೈಯೆತ್ತಿ ಕೂಗಿದಳು.

“ಹ್ವಾಯ್, ಇಲ್ಲ್ ತಂದ್ ಹಾಕಿ ಮಾರಾಯ್ರೆ! ಪುಣ್ಯ ಬತ್ತ್ ನಿಮ್ಗೆ.”

ಪುಣ್ಯವೋ ಪಾಪವೋ, ಲಾರಿ ಮೇಲೆ ಲಾರಿ ಬಂತು. ದಂಡೆ ಗಟ್ಟಿಯಾಗಿ ನಿಂತಿತು. ಆದರೆ ಈ ಮನೆಗಳು ಸುಣ್ಣದವಲ್ಲ, ಸಿಮೆಂಟಿನವು. ಮಳೆಗೆ ತೊಳೆದುಹೋದ ಪುಡಿ ಕೆಸರಿನ ಮೇಲೆ ಕೂತು ಹೆಪ್ಪುಗಟ್ಟಿತು. ಮಳಿ ಬಾಯ್ತೆರೆದು ಸತ್ತವು. ತಡವಿದ ಕಾಲಿಗೆ ಟೈಲ್ಸಿನ ಚೂರು ಸಿಗತೊಡಗಿತು.

ಹೊಳೆಗೆ ಏನಾಗಿದೆಯೆಂದು ಪರೀಕ್ಷಿಸಲು ಮೀನುಗಾರಿಕೆ ಇಲಾಖೆಯಿಂದ ಬಂದ ಶರಣ್ಯಾ ಕುಂದಾಪುರದ ಹುಡುಗಿ. ಬಾಟಲಿಗಳಲ್ಲಿ ಕೆಸರು ತುಂಬಿಕೊಂಡು ಹೋದವಳು ಒಂದು ದಿನ ತಿರುಗಿ ಬಂದು ಜಗಲಿಯಲ್ಲಿ ಕೂತಳು.

“ಬಾಗಿಅಕ್ಕ, ಈ ರಾಶಿ ತೆಗ್ದ್ರೂ ಇಲ್ಲ್ ಮಳಿ ಬತ್ತಿಲ್ಲ. ತೆಗ್ದ್ರೆ ಆಚೆ ದಂಡಿ ಮಳಿ ಆದ್ರೂ ಉಳಿತ್. ಆದ್ರೆ ದಂಡಿ ಕೊರ್ದ್ ನಿಮ್ಮ್ ಮನಿ...”

ತನ್ನದೆಲ್ಲ ಹೋಗಿ ಆಚೆಯವರದ್ದು ಉಳಿಯಬೇಕೇ? ಬಾಗಿ ಎದ್ದು ಒಳಗೆ ಹೋದಳು. ಅತ್ತೆ ಕೊಟ್ಟ ಬುಟ್ಟಿ ಗೋಡೆಯ ಮೊಳೆಯಲ್ಲಿ ಖಾಲಿ ನೇತಾಡುತ್ತಿತ್ತು. ಅದನ್ನು ನೋಡಿ ಅಳು ಬಂತು.

ಹೊರಗೆ ಬಂದು, “ಲಾರಿ ಕರ್ದದ್ದ್ ನಾನ್ ಮಗಾ. ತೆಗಿಕ್ ಅಂತ್ಲೇ ರಿಪೋರ್ಟ್ ಬರಿ” ಎಂದಳು.

ಬೇಸಿಗೆಯಲ್ಲಿ ಇಲಾಖೆಯವರು ರಾಶಿ ತೆಗೆದರು. ಬಾಗಿ ಪಾತ್ರೆಪಗಡೆ ತಮ್ಮನ ಮನೆಗೆ ಸಾಗಿಸಿದಳು. ಆ ಮಳೆಗಾಲಕ್ಕೇ ಹೊಳೆ ಅಡುಗೆಕೋಣೆಯವರೆಗೂ ಬಂತು. ಹಿಂದಿನ ಗೋಡೆ ಬಿರುಕುಬಿಟ್ಟು ವಾಲಿತು. ಸುದ್ದಿ ಕೇಳಿ ಓಡಿಬಂದ ಬಾಗಿ, ಗೋಡೆ ಹೊಳೆಗೆ ಬೀಳುವ ಮೊದಲೇ ಸಿಮೆಂಟು ಅಂಟಿದ ಕಲ್ಲುಗಳನ್ನು ಒಂದೊಂದಾಗಿ ಕಿತ್ತು, ಬುಟ್ಟಿಗೆ ತುಂಬಿ, ಮಳೆಯಲ್ಲಿ ನೆನೆಯುತ್ತ ರಸ್ತೆಬದಿಗೆ ಹೊತ್ತು ಹಾಕಿದಳು. ಮಳಿ ಹೆಕ್ಕುತ್ತಿದ್ದ ಅದೇ ಬುಟ್ಟಿ.