ಲಾಭ, ಎರಡು, ಮೂರು

ಮನೆಗಳಿಗೆ ನೆನಪಿರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವುದು ನನ್ನ ಕೆಲಸ. ಇಟ್ಟಿಗೆ, ಸುಣ್ಣ, ಮರ ಬಿಟ್ಟರೆ ಮನೆಯಲ್ಲಿ ಬೇರೇನೂ ಇಲ್ಲವೆಂದೇ ನಂಬಿದ್ದೆ.

ನಾಲ್ಕು ವರ್ಷಗಳ ಹಿಂದೆ ಸಿಂಗಪುರದ ಒಂದು ಹಳೆಯ ಸಾಲುಮನೆಯನ್ನು ಅಳೆಯಲು ಸಹೋದ್ಯೋಗಿ ದೀಪಾಳ ಜೊತೆ ಹೋಗಿದ್ದೆ. ಯಾರೋ ಚೀನೀ ವ್ಯಾಪಾರಿ ಕಟ್ಟಿಸಿದ್ದು. ಮುಂಭಾಗದಲ್ಲಿ ಪುನರುಜ್ಜೀವನ ಕಾಲದ ಇಟಲಿಯ ಅರಮನೆಗಳನ್ನು ನೋಡಿ ಮಾಡಿದಂಥ ಗೋಡೆಗಂಬಗಳು, ಕಿಟಕಿಗಳ ಮೇಲೆ ಕಮಾನು. ಒಳಗೆ ಮಾತ್ರ ರೈಲುಡಬ್ಬಿಯಂತೆ ಉದ್ದ, ಇಕ್ಕಟ್ಟು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮನೆಯ ಈಗಿನ ಮಾಲೀಕರಿಗೆ, ನಾವು ಅಂಕಲ್ ಎನ್ನುತ್ತಿದ್ದವರಿಗೆ, ಮಂಡಿನೋವು, ಹಿಂಬದಿಯಲ್ಲಿ ಲಿಫ್ಟ್ ಬೇಕಿತ್ತು. ಅದಕ್ಕಾಗಿ ಒಡೆಯಬೇಕಾದ ಗೋಡೆ ಗಟ್ಟಿಯೋ ಪೊಳ್ಳೋ ಎಂದು ನಾನು ಬರೆದುಕೊಡಬೇಕಿತ್ತು.

ಅಳೆಯುವಾಗ ನಮ್ಮಲ್ಲಿ ಒಬ್ಬರು ಅಳತೆ ಕೂಗುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಮಧ್ಯಾಹ್ನ, ತೊಟ್ಟಿಯ ಅಂಚಿನಲ್ಲಿ ಕೂತಿದ್ದೆ. ಹಿಂಬದಿಯ ಗೋಡೆಯ ಕಡೆಯಿಂದ ಮೆಟ್ಟಿಲು ಹತ್ತುವ ಸದ್ದು, ಜೊತೆಗೆ ಎಣಿಸುವ ದನಿ: "ಲಾಭ, ಎರಡು, ಮೂರು..." ಹನ್ನೊಂದಕ್ಕೆ ನಿಂತಿತು. ದೀಪಾಳೇ ಇರಬೇಕೆಂದು ಅಳತೆ ಪುಸ್ತಕದಲ್ಲಿ ಬರೆದುಕೊಂಡೆ.

ಬರೆದ ಮೇಲೆಯೇ ಹೊಳೆದದ್ದು. ಜೋಳ ಅಳೆಯುವಾಗ 'ಒಂದು' ಎನ್ನದೆ 'ಲಾಭ' ಎಂದು ಶುರುಮಾಡುವುದು ಗದಗಿನ ನಮ್ಮ ಅಜ್ಜಿಯ ರೂಢಿ. ಮೈಸೂರಿನ ದೀಪಾ ಹಾಗೆ ಎಣಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಅವಳು ಬೀದಿಬಾಗಿಲಿನಿಂದ ಎರಡು ಲೋಟ ಕೋಪಿ, ಅಂದರೆ ಅಲ್ಲಿನ ಕಾಫಿ, ಹಿಡಿದು ಬಂದಳು.

"ಮೇಲೆ ಹೋಗಿದ್ಯಾ?"

"ಎಲ್ಲಿ ಹೋಗ್ಲಿ? ಅಂಕಲ್ ಕೋಪಿ ಕುಡಿಸ್ದೆ ಬಿಡ್ಲಿಲ್ಲ."

ಕೇಳಿಸಿದ್ದನ್ನು ಹೇಳಿದೆ. ಅವಳು ನಕ್ಕಳು: "ನಿಮ್ಮ ಗದಗಿನ ದೆವ್ವಕ್ಕೂ ಇಲ್ಲಿ ಕೆಲ್ಸ ಮಾಡೋಕೆ ವರ್ಕ್ ಪಾಸ್ ಸಿಕ್ತಾ?"

ಹಿಂದಕ್ಕೆ ಹೋಗಿ ನೋಡಿದರೆ ಅಲ್ಲಿ ಮೆಟ್ಟಿಲೇ ಇರಲಿಲ್ಲ. ಬರಿ ಗಾರೆ ಮೆತ್ತಿದ, ಒಡೆಯಬೇಕಿದ್ದ ಅದೇ ಗೋಡೆ. ಕೊರೆದು ನೋಡಿ ಎನ್ನಬಹುದಿತ್ತು. ಯಾಕೆಂದು ಕೇಳಿದರೆ ಏನು ಹೇಳಲಿ? ನನ್ನದೇ ದನಿ ತೊಟ್ಟಿಯಲ್ಲಿ ಮಾರ್ದನಿಸಿರಬೇಕು ಎಂದುಕೊಂಡು 'ಗಟ್ಟಿ ಗೋಡೆ' ಎಂದು ಬರೆದು ಸಹಿ ಹಾಕಿದೆ.

ಒಡೆಯುವ ದಿನ ಗೋಡೆಯ ನಡುಭಾಗ ಒಮ್ಮೆಲೇ ಕುಸಿಯಿತು. ಸೆಲ್ವಂ ಎಂಬ ಕೆಲಸಗಾರ ಒಳಕ್ಕೆ ಬಿದ್ದು ಕಾಲು ಮುರಿದುಕೊಂಡ. ಗೋಡೆಯ ಹಿಂದೆ, ಎಂದೋ ಮುಚ್ಚಿಹಾಕಿದ ಇಟ್ಟಿಗೆ ಮೆಟ್ಟಿಲುಗಳಿದ್ದವು. ಫೋಟೋದಲ್ಲಿ ಎಣಿಸಿದೆ. ಹತ್ತು. ಮೇಲೆ ಒಂದಿಷ್ಟು ಪುಡಿ ಇಟ್ಟಿಗೆ. ಅದು ಹನ್ನೊಂದನೆಯದೋ ಅಲ್ಲವೋ, ಈಗ ತಿಳಿಯುವಂತಿಲ್ಲ.

ಸೆಲ್ವಂ ಈಗಲೂ ಕುಂಟುತ್ತಾನೆ. ಕಳೆದ ತಿಂಗಳು ದೀಪಾಳಿಗೆ ಆ ವರ್ಕ್ ಪಾಸ್ ಜೋಕನ್ನು ನೆನಪಿಸಿದೆ. ಅವಳು ನಗಲಿಲ್ಲ.

"ಕೋಪಿ ನೆನಪಿದೆ. ಆದ್ರೆ ನೀನು ಯಾವ ದನಿ ವಿಷಯಾನೂ ಹೇಳ್ಲಿಲ್ಲ ಕಣೋ. ಹೇಳಿದ್ರೆ ನಾನೇ ಗೋಡೆ ಕೊರೆಸ್ತಿದ್ದೆ."

ಆ ಅಳತೆ ಪುಸ್ತಕ ನನ್ನ ಬಳಿ ಇದೆ. 'ಲಾಭ – ಹನ್ನೊಂದು' ಎಂಬುದು ನನ್ನದೇ ಅಕ್ಷರ. ಆದರೆ ಅದನ್ನು ಗೋಡೆ ಬೀಳುವ ಮೊದಲು ಬರೆದೆನೋ, ಬಿದ್ದ ಮೇಲೋ, ನಿಮಗೆ ಆಣೆಯಿಟ್ಟು ಹೇಳಲಾರೆ.