ಪ್ಲಂಬರ್ ಹುಡುಗನ ಕೂಲಿ

ನನ್ನ ದೊಡ್ಡಮ್ಮ ರೆಡಿಮೇಡ್ ಅಂಗಿಗಳ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ತಪ್ಪಿರುವ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅವಳ ಕೆಲಸ. ತಪ್ಪಿಲ್ಲದ ಅಂಗಿ ಕೈಗೆ ಬಂದರೆ ಅವಳಿಗೆ ಸಮಾಧಾನವಾಗುವುದಿಲ್ಲ, ಇನ್ನೊಮ್ಮೆ ತಿರುಗಿಸಿ ನೋಡುತ್ತಾಳೆ. ಹೊಲಿಯುವವರು ಅವಳಿಗೆ ಎಕ್ಸ್‌ರೇ ಎಂದು ಹೆಸರಿಟ್ಟಿದ್ದಾರೆ. ಅದು ಅವಳಿಗೆ ಗೊತ್ತು. ಯಾರು ಇಟ್ಟರು ಎಂಬುದೂ ಗೊತ್ತು.

ಮನೆಯಲ್ಲೂ ಅವಳು ಹಾಗೇ. ತರಕಾರಿಯವನ ತಕ್ಕಡಿಯನ್ನು ಎತ್ತಿ ಅದರ ಅಡಿಯನ್ನು ಸವರಿ ನೋಡುತ್ತಾಳೆ. ಆದರೆ ದುಡ್ಡು ಕೇಳುವವರಿಗಿಂತ ಕೇಳದವರ ಮೇಲೆ ಅವಳಿಗೆ ಹೆಚ್ಚು ಅನುಮಾನ. ದೊಡ್ಡಪ್ಪ ತೀರಿಕೊಂಡಾಗ ಅವರ ಸ್ನೇಹಿತರೊಬ್ಬರು ಒಂದು ಪೈಸೆಯನ್ನೂ ಮುಟ್ಟದೆ ಎಲ್ಲ ಕಚೇರಿಗಳಿಗೂ ಓಡಾಡಿಕೊಟ್ಟರು. ಕೊನೆಗೆ, ದೊಡ್ಡಪ್ಪನ ಸ್ಕೂಟರ್ ಸುಮ್ಮನೆ ನಿಂತಿದೆಯಲ್ಲ ಎಂದು ಬೀಗದಕೈ ತೆಗೆದುಕೊಂಡು ಹೋದರು. ಕೂಲಿ ಕೊಟ್ಟಿದ್ದರೆ ಸ್ಕೂಟರ್ ಉಳಿಯುತ್ತಿತ್ತು ಎಂದು ದೊಡ್ಡಮ್ಮ ಇಂದಿಗೂ ಹೇಳುತ್ತಾಳೆ.

ಅವಳು ಮತ್ತು ಅವಳ ಮಗಳು ಮೇಲಿನ ಮನೆಯಲ್ಲಿದ್ದಾರೆ, ನಾವು ಕೆಳಗೆ. ಒಮ್ಮೆ ನಮ್ಮ ಅಡುಗೆಮನೆಯ ಛಾವಣಿಯಲ್ಲಿ ಚಹಾ ಚೆಲ್ಲಿದಂತೆ ಒಂದು ಕಲೆ ಕಾಣಿಸಿಕೊಂಡಿತು. ದಿನೇ ದಿನೇ ಅದು ಒಲೆಯ ಕಡೆಗೆ ಸರಿಯಿತು. ಅಮ್ಮ ಮೇಲೆ ಹೋಗಿ ನೋಡಿದರೆ ದೊಡ್ಡಮ್ಮನ ಕಮೋಡಿನ ಬುಡದಲ್ಲಿ ನೀರು ಜಿನುಗುತ್ತಿತ್ತು. ದೊಡ್ಡಮ್ಮ ಮೊದಲು ನಂಬಲಿಲ್ಲ. ನೀರು ಕೆಳಗಿನಿಂದ ಮೇಲಕ್ಕೆ ಏರಿರಲೂಬಹುದು ಎಂದಳು. ತಂಗಿಯ ಮೇಲೂ ಅನುಮಾನವೇ ಎಂದು ಅಮ್ಮ ಎರಡು ದಿನ ಮುಖ ಊದಿಸಿಕೊಂಡಳು.

ಮುಖ್ಯರಸ್ತೆಯ ಅಂಗಡಿಯ ಹಿರಿಯ ಪ್ಲಂಬರ್ ಬಂದು, ಬಾಗಿಲಲ್ಲೇ ನಿಂತು, ನೆಲದ ಪೈಪು ಬಿರುಕು ಬಿಟ್ಟಿದೆ, ಟೈಲ್ಸ್ ಒಡೆಯಬೇಕು, ಹನ್ನೆರಡು ಸಾವಿರ ಆಗುತ್ತದೆ ಎಂದ. ಬಗ್ಗದೆಯೇ ಬಿರುಕು ಕಂಡಿತೇ ಎಂದು ದೊಡ್ಡಮ್ಮ ಕೇಳಿದಳು. ಅವನು ಬೇಜಾರು ಮಾಡಿಕೊಂಡು ಹೊರಟುಹೋದ.

ಆಗ ಅಕ್ಕ ಬಾಯಿ ಬಿಟ್ಟಳು. ದೊಡ್ಡಮ್ಮನ ಈ ಮಗಳು, ನನಗೆ ಅಕ್ಕ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ನಲ್ಲಿ ರಿಪೇರಿಗೆ ಬರುತ್ತಿದ್ದ ಒಬ್ಬ ಪ್ಲಂಬರ್ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಅವಳು ಕೆಲವು ತಿಂಗಳ ಹಿಂದೆಯೇ ಹೇಳಿದ್ದಳು. ದೊಡ್ಡಮ್ಮ ಹೂಂ ಎಂದೂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಈಗ ಅಕ್ಕ ಅವನನ್ನೇ ಕರೆಸೋಣ ಎಂದಳು. ದೊಡ್ಡಮ್ಮ, “ಬರ್ಲಿ. ಕೆಲ್ಸ ನೋಡಿದ್ರೆ ಮನುಷ್ಯ ಗೊತ್ತಾಗ್ತಾನೆ” ಎಂದಳು. ಅಕ್ಕನ ಮುಖ ಬಿಳಿಚಿಕೊಂಡಿತು. ತನ್ನ ಮದುವೆ ಆ ಕಮೋಡಿನ ಮೇಲೆ ನಿಂತಿತು ಎಂದು ಅವಳಿಗೆ ಅರ್ಥವಾಗಿತ್ತು.

ಅವನು ಬರುವ ದಿನ ಬೆಳಗ್ಗೆ ದೊಡ್ಡಮ್ಮ ಬಾತ್‌ರೂಮಿನ ಚಿಲಕ ಹಾಕಿಕೊಂಡು ಬಹಳ ಹೊತ್ತು ಒಳಗಿದ್ದಳು. ಸ್ಟಿಕ್ಕರ್ ನೀರಿನಲ್ಲಿ ನಿಲ್ಲುವುದಿಲ್ಲವೆಂದು ಮಗಳ ಉಗುರುಬಣ್ಣ ತೆಗೆದುಕೊಂಡು, ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ, ಒಳಗೆ ಕಂಡ ಒಂದೊಂದು ಭಾಗಕ್ಕೂ ಒಂದೊಂದು ಕೆಂಪು ಚುಕ್ಕಿ ಇಟ್ಟಿದ್ದಳು. ಬೇರೆಯವರ ಮನೆಯ ಹಾಳು ಸಾಮಾನು ತೋರಿಸಿ ಯಾರೂ ಟೋಪಿ ಹಾಕಬಾರದು ಎಂಬುದು ಲೆಕ್ಕಾಚಾರ.

ಹುಡುಗ ಬಂದು ಚಪ್ಪಲಿ ಬಿಟ್ಟು, ಕಮೋಡಿನ ಹಿಂದೆ ಮಲಗಿದಂತೆ ಬಗ್ಗಿ, ಫ್ಲಶ್ ಮಾಡಲು ಹೇಳಿದ. ಕೈಯಿಂದ ಸವರಿದ. ನೆಲ ಒಡೆಯುವುದು ಬೇಡ, ಟ್ಯಾಂಕು ಕಮೋಡಿನ ಮೇಲೆ ಕೂರುವ ಜಾಗದಲ್ಲಿ ಸೋರುತ್ತಿದೆ, ಅದೇ ನೀರು ಹಿಂದಿನಿಂದ ಇಳಿದು ಬುಡಕ್ಕೆ ಹೋಗುತ್ತಿದೆ ಎಂದ. ದೊಡ್ಡಮ್ಮ ಬಾಗಿಲಿಗೆ ಒರಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳಂತೆ ನಿಂತಿದ್ದಳು. ಅವನು ಟ್ಯಾಂಕನ್ನು ಬಿಚ್ಚಿ ಇಳಿಸಿದ, ಹೊಸ ಸಾಮಾನು ಹಾಕಿ ಮತ್ತೆ ಕೂರಿಸಿದ. ಹಳೆಯದನ್ನೆಲ್ಲ ಇಲ್ಲೇ ಇಡಬೇಕು ಎಂದು ಅವಳು ಪೇಪರ್ ಹಾಸಿದಳು. ಅವನು ಅದರ ಮೇಲೆ ಒಂದು ದಪ್ಪ ರಬ್ಬರ್ ಬಳೆಯನ್ನೂ ತುಕ್ಕು ಹಿಡಿದ ಎರಡು ನಟ್ಟುಗಳನ್ನೂ ಇಟ್ಟ. ರಬ್ಬರು ಬೆರಳಿಗೆ ಕಪ್ಪಗೆ ಅಂಟುತ್ತಿತ್ತು.

ದೊಡ್ಡಮ್ಮ ಅವುಗಳನ್ನು ಹಿಂದೆ ಮುಂದೆ ತಿರುಗಿಸಿದಳು. ಯಾವುದರ ಮೇಲೂ ಚುಕ್ಕಿ ಇರಲಿಲ್ಲ.

“ಇದು ನಮ್ಮನೇದಲ್ಲ” ಎಂದಳು.

ಹುಡುಗ ಅರ್ಥವಾಗದೆ ಅಕ್ಕನ ಕಡೆ ನೋಡಿದ. ಅಕ್ಕ ನೆಲ ನೋಡಿದಳು. ದೊಡ್ಡಮ್ಮ ಉಗುರುಬಣ್ಣದ ವಿಷಯ ಹೇಳಿದಳು. ನಮ್ಮನೆಯ ಎಲ್ಲದಕ್ಕೂ ಗುರುತಿದೆ, ಇವಕ್ಕಿಲ್ಲ, ಅಂದರೆ ಇವು ಅವನ ಚೀಲದಲ್ಲಿ ಬಂದವು ಎಂದಳು. ಹುಡುಗ ಟ್ಯಾಂಕಿನ ಮುಚ್ಚಳ ಎತ್ತಿ ಇಣುಕಿದ. ಒಳಗೆ ಕೆಂಪು ಚುಕ್ಕಿಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಅವನಿಗೆ ನಗು ಬಂತು, ತಡೆದುಕೊಂಡ.

“ಅಮ್ಮಾ, ಇವೆಲ್ಲ ಚೆನ್ನಾಗಿವೆ, ಅದಕ್ಕೇ ಮುಟ್ಟಿಲ್ಲ. ಈ ರಬ್ಬರ್, ನಟ್ಟು ಇರೋದು ಟ್ಯಾಂಕ್ ಅಡೀಲಿ. ಟ್ಯಾಂಕ್ ಎತ್ತದೆ ನೀವು ಇವಕ್ಕೆ ಚುಕ್ಕಿ ಇಡೋದಾದ್ರೂ ಹೇಗೆ?”

ದೊಡ್ಡಮ್ಮ ರಬ್ಬರ್ ಬಳೆಯನ್ನು ಎತ್ತಿ ಅದರ ಸುತ್ತಳತೆಯನ್ನು ಬೆರಳಿನಿಂದ ಅಳೆದು ಟ್ಯಾಂಕಿನ ಅಡಿಗೆ ಕೈ ಹಾಕಿ ನೋಡಿದಳು. ಸೋತೆ ಎಂದು ಹೇಳುವುದು ಅವಳ ಜಾಯಮಾನವಲ್ಲ. ಎಷ್ಟಾಯಿತು ಎಂದು ಕೇಳಿದಳು. ಅವನು ಅಂಗಡಿಯ ಚೀಟಿ ಕೊಟ್ಟ. ಸಾಮಾನಿಗೆ ಇನ್ನೂರೈವತ್ತು ರೂಪಾಯಿ ಇತ್ತು.

“ಕೂಲಿ?”

“ಅಯ್ಯೋ, ಅದೆಲ್ಲ ಬೇಡಮ್ಮ.”

ಚುಕ್ಕಿಯ ಜಗಳದಲ್ಲಿ ಅಷ್ಟೊತ್ತು ಬಿಸಿಯಾಗಿದ್ದ ದೊಡ್ಡಮ್ಮ ಈಗ ತಣ್ಣಗಾದಳು. ಅವಳು ಹಾಗೆ ತಣ್ಣಗಾದರೆ ನಮಗೆಲ್ಲ ಭಯ. ಅಕ್ಕ ಹಿಂದಿನಿಂದ ಅವನಿಗೆ ತಲೆಯಾಡಿಸಿ ಸನ್ನೆ ಮಾಡುತ್ತಿದ್ದಳು, ಅವನು ನೋಡಲಿಲ್ಲ.

“ಯಾಕೆ ಬೇಡ?”

“ನಿಮ್ಮ ಹತ್ರ ಹೇಗೆ ತಗೊಳ್ಳಲಿ…”

“ಇವತ್ತು ಬೇಡ ಅಂದೋನು ನಾಳೆ ಏನು ಕೇಳ್ತಾನೋ ನಂಗೆ ಗೊತ್ತಾಗಲ್ಲ. ಗೊತ್ತಿಲ್ಲದೋರ ಮನೆಗೆ ಹೋದ್ರೆ ಎಷ್ಟು ತಗೋತೀಯ? ಅದನ್ನ ಹೇಳು.”

ಹುಡುಗ ಬೆವರು ಒರೆಸಿಕೊಂಡ. ಆರುನೂರು ಎಂದ.

“ಐನೂರು ಇಟ್ಕೋ.”

ಅಕ್ಕ ಕಣ್ಣು ಮುಚ್ಚಿಕೊಂಡಳು. ಅವನು ಐನೂರಕ್ಕೆ ಒಪ್ಪಿದರೆ ಆರುನೂರು ಸುಳ್ಳಾಗುತ್ತದೆ, ಒಪ್ಪದಿದ್ದರೆ ದೊಡ್ಡಮ್ಮನಿಗೆ ಎದುರಾಡಿದಂತಾಗುತ್ತದೆ. ಅವನು ತನ್ನ ಸ್ಪ್ಯಾನರನ್ನು ಚೀಲಕ್ಕೆ ಹಾಕಿ, ಎದ್ದು ನಿಂತು, ಮೆಲ್ಲಗೆ ಆದರೆ ತಡವರಿಸದೆ ಹೇಳಿದ.

“ಇಲ್ಲಮ್ಮ. ಟ್ಯಾಂಕ್ ಇಳಿಸಿ ಕೂರ್ಸೋದಕ್ಕೆ ಆರುನೂರು. ಯಾರಿಗಾದ್ರೂ ಅಷ್ಟೇ. ಬೇಕಾದ್ರೆ ಪೂರ್ತಿ ಬಿಡ್ತೀನಿ, ಕಡಿಮೆ ಮಾತ್ರ ಮಾಡಲ್ಲ.”

ದೊಡ್ಡಮ್ಮ ಅವನನ್ನು ಟ್ಯೂಬ್‌ಲೈಟಿನ ಕೆಳಗಿನ ಅಂಗಿಯಂತೆ ನೋಡಿದಳು. ಆಮೇಲೆ ಒಳಗೆ ಹೋಗಿ ಸಾಮಾನಿನ ದುಡ್ಡಿನ ಜೊತೆ ಆರುನೂರು ತಂದು ಅವನ ಕೈಗಿಟ್ಟಳು. ಎಣಿಸಿಕೋ ಎಂದಳು. ಅವನು ಎಣಿಸಿಕೊಂಡ. ಅದೂ ಅವಳಿಗೆ ಹಿಡಿಸಿತೆಂದು ಕಾಣುತ್ತದೆ. ಒಂದು ತಿಂಗಳು ನೆಲ ಒಣಗಿದ್ದರೆ ತಾಯಿಯನ್ನು ಕರೆದುಕೊಂಡು ಬಾ ಎಂದಳು.

ಆ ತಿಂಗಳೆಲ್ಲ ಬೆಳಗ್ಗೆ ಮೊದಲು ಬಾತ್‌ರೂಮಿಗೆ ಹೋಗುವವಳು ದೊಡ್ಡಮ್ಮನೇ. ಮಗಳು ಮೊದಲು ಹೋದರೆ ಗುಟ್ಟಾಗಿ ನೆಲ ಒರೆಸಿಬಿಡುತ್ತಾಳೆ ಎಂದು ಅನುಮಾನ. ನೆಲ ಒಣಗಿಯೇ ಇತ್ತು.

ಹುಡುಗನ ಜೊತೆ ಅವನ ತಾಯಿ ಬಂದರು. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ತೆಳ್ಳನೆಯ ಹೆಂಗಸು. ಕುರ್ಚಿಯ ಮೇಲೆ ಕೂರುವ ಮೊದಲು ಅದು ಅಲ್ಲಾಡುತ್ತದೆಯೇ ಎಂದು ಒತ್ತಿ ನೋಡಿದರು. ಕುಶಲ ವಿಚಾರಿಸಿದ ಮೇಲೆ, ಅಂದು ತಮ್ಮ ಮಗ ಎಷ್ಟು ಕೂಲಿ ತೆಗೆದುಕೊಂಡ ಎಂದು ಕೇಳಿದರು. ದೊಡ್ಡಮ್ಮ ಆರುನೂರು ಎಂದಳು.

“ನನ್ನ ಹತ್ರ ಐನೂರು ಅಂದ” ಎಂದರು ಅವರು, ಮಗನ ಕಡೆ ತಿರುಗಿ.

ಇಬ್ಬರು ಹೆಂಗಸರೂ ಅವನನ್ನು ನೋಡಿದರು. ಅವನ ಕಿವಿ ಕೆಂಪಾಯಿತು. ಅಡುಗೆಮನೆಯಲ್ಲಿದ್ದ ಅಕ್ಕ ತನ್ನ ನೂರು ರೂಪಾಯಿಯ ಹೊಸ ಕಿವಿಯೋಲೆಗಳನ್ನು ಸದ್ದಿಲ್ಲದೆ ಬಿಚ್ಚಿ ಡಬ್ಬಿಯ ಹಿಂದೆ ಇಟ್ಟಳು.

ದೊಡ್ಡಮ್ಮ ಅಷ್ಟು ನಿರಾಳವಾಗಿ ಉಸಿರು ಬಿಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತನ್ನ ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡು, “ನೀವಿದ್ದೀರಲ್ಲ, ಇನ್ನು ನನಗೆ ಯೋಚ್ನೆ ಇಲ್ಲ. ಮದ್ವೆ ಯಾವಾಗ ಇಟ್ಕೊಳ್ಳೋಣ?” ಎಂದಳು.