ಅಕ್ಕಿಕಾಳಿನಷ್ಟು ಕೊಂಡಿ

ಬೆಳಗಿನ ಐದೂ ಮುಕ್ಕಾಲು. ಮದ್ದೂರು ರೈಲು ನಿಲ್ದಾಣದ ಹಿಂಬದಿಯ ರಸ್ತೆಯಲ್ಲಿರುವ ಹಳೆಯ ಕಟ್ಟಡವೊಂದರ ಮಹಡಿ. ಪೂರ್ವದ ಕಿಟಕಿಯಿಂದ ಬರುವ ಮೊದಲ ಬೆಳಕು ಉದ್ದನೆಯ ಮೇಜಿನ ಅರ್ಧಕ್ಕೆ ಮಾತ್ರ ಬಿದ್ದಿದೆ. ಆ ಅರ್ಧದಲ್ಲೇ ಕುರ್ಚಿ ಎಳೆದುಕೊಂಡು ಕೂತಿರುವ ಚಲುವರಾಜು, ಗೇಣುದ್ದದ ಪ್ಯಾಸೆಂಜರ್ ಬೋಗಿಯೊಂದನ್ನು ಟವೆಲಿನ ಮೇಲೆ ಅಂಗಾತ ಮಲಗಿಸಿದ್ದಾರೆ. ರಾತ್ರಿಯಿಡೀ ಗೇಟು ಕಾದ ಖಾಕಿ ಅಂಗಿ ಇನ್ನೂ ಮೈಮೇಲಿದೆ. ಎಡಗೈಯಲ್ಲಿ ಇರುವುದು ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ. ಅವೆರಡರ ನಡುವೆ ಬೋಗಿಯನ್ನು ಒತ್ತಿ ಹಿಡಿದು, ಬಲಗೈಯ ಚಿಮಟದಲ್ಲಿ ಅಕ್ಕಿಕಾಳಿನಷ್ಟು ಕೊಂಡಿಯೊಂದನ್ನು ಎತ್ತಿ ಬೋಗಿಯ ತುದಿಯ ಗೂಡಿಗೆ ಕೂರಿಸುತ್ತಾರೆ. ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಮತ್ತೆ ತೆಗೆಯುತ್ತಾರೆ.

"ಇದ್ರ ಕಾಲು ಗಿಡ್ಡ ಆಯ್ತು ಕಣಮ್ಮ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದು ಎದುರು ಕೂತಿರುವ ನನಗೆ, ತಲೆ ಎತ್ತದೆ. "ಸೀದಾ ಹಳೀಲಿ ಏನೂ ಗೊತ್ತಾಗಕಿಲ್ಲ. ತಿರುವಿಗೆ ಬಂದೇಟ್ಗೆ ಎರಡು ಬೋಗಿ ಮೂಲೆಮೂಲೆ ಒಡ್ಕೊಂಡು ಈಚ್ಗೆ ಬಿದ್ದೋಯ್ತವೆ. ಉದ್ದ ಕಾಲಿಂದು ಬೇಕು."

ರೈಲ್ವೆ ಕೆಲಸಕ್ಕೆ ಪರೀಕ್ಷೆ ಬರೆಯುವವರಿಗೆ, ಕಾರ್ಖಾನೆಗಳ ಒಳಗಿನ ಹಳಿಗಳಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವವರಿಗೆ ಪಾಠ ಹೇಳುವ ಸಣ್ಣ ಖಾಸಗಿ ತರಬೇತಿ ಕೇಂದ್ರ ಇದು. ಐವತ್ತೆಂಟರ ಚಲುವರಾಜು ದಾಖಲೆಯಲ್ಲಿ ಇಲ್ಲಿನ ರಾತ್ರಿ ಕಾವಲುಗಾರ. ರಾತ್ರಿ ಪಾಳಿ ಮುಗಿದ ಮೇಲೆ, ಒಂಬತ್ತಕ್ಕೆ ತರಗತಿ ಶುರುವಾಗುವ ತನಕ, ಪಾಠದ ಮೇಜಿನ ಮೇಲಿರುವ ಪುಟ್ಟ ರೈಲುಗಳಿಗೆ ಕೊಂಡಿ ಆರಿಸುವುದು, ಕೂರಿಸುವುದು, ಮುರಿದದ್ದನ್ನು ಸರಿಪಡಿಸುವುದು ಅವರ ಕೆಲಸ. ಈ ಕೆಲಸ ಯಾವ ದಾಖಲೆಯಲ್ಲೂ ಇಲ್ಲ.

ಮೇಜಿನ ಮೇಲೆ ಮೂರು ಇಂಜಿನ್, ಇಪ್ಪತ್ತಾರು ಬೋಗಿ. ಪ್ರತಿಯೊಂದಕ್ಕೂ ಎರಡು ತುದಿ. ಅಂದರೆ ಐವತ್ತೆಂಟು ಕೊಂಡಿ. ವಿದ್ಯಾರ್ಥಿಗಳ ಕೈಯಲ್ಲಿ ವಾರಕ್ಕೆ ಆರೇಳು ಮುರಿಯುತ್ತವೆ. ಒಂದು ಬೆಳಗಿಗೆ ನಾಲ್ಕು ಕೂರಿಸಿದರೆ ಅದೇ ಹೆಚ್ಚು. ಹಿತ್ತಾಳೆ ತಗಡನ್ನು ಅರದಿಂದ ಉಜ್ಜಿ ತಾವೇ ಮಾಡಿಕೊಂಡ ಅಳತೆಪಟ್ಟಿಯನ್ನು ಹಳಿಯ ಮೇಲೆ ನಿಲ್ಲಿಸಿ, ಎಲ್ಲ ಕೊಂಡಿಗಳ ಎತ್ತರ ಒಂದೇ ಇದೆಯೇ ಎಂದು ನೋಡುತ್ತಾರೆ. ಕೂದಲೆಳೆಯಷ್ಟು ತಗ್ಗಿದ್ದರೂ ಹಳಿ ಕವಲೊಡೆಯುವಲ್ಲಿ ತಳ ತಗುಲಿ ಬೋಗಿ ನಿಂತುಬಿಡುತ್ತದೆ. ಏರುಪೇರಾದರೆ ಎಳೆಯುವಾಗ ಒಂದರಿಂದ ಇನ್ನೊಂದು ಜಾರಿ ಬಿಟ್ಟುಕೊಳ್ಳುತ್ತದೆ.

"ಇಂಜಿನ್ ಪಕ್ಕದ ಬೋಗಿಗೆ ಲೋಹದ್ದೇ ಆಗ್ಬೇಕು. ಇಡೀ ಸಾಲಿನ ಭಾರ ಅದ್ರ ಮ್ಯಾಲೇ ಬೀಳೋದು. ಬಾಲದ ಬೋಗಿಗೆ ಪ್ಲಾಸ್ಟಿಕ್ ಆದ್ರೂ ನಡೀತದೆ. ಎಲ್ಲಾ ಬೋಗಿಗೂ ಒಂದೇ ಕೊಂಡಿ ಅಂತ ಆಕ್ಕೊಂಡು ಓದ್ರೆ ಆಗಕಿಲ್ಲ," ಎನ್ನುತ್ತಾ ಡಬ್ಬಿಯೊಂದರ ಮುಚ್ಚಳ ತೆಗೆಯುತ್ತಾರೆ. ಒಳಗೆ ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದ ಕೊಂಡಿಗಳು, ಉದ್ದ ಗಿಡ್ಡ ಬೇರೆ ಬೇರೆ ಕಾಗದದ ಪೊಟ್ಟಣಗಳಲ್ಲಿ. ಕಣ್ಣು ಒರೆಸಿಕೊಂಡು ಒಂದೊಂದೇ ಎತ್ತಿ ನೋಡುತ್ತಾರೆ. ಬಲಗಣ್ಣಿಗೆ ಪೊರೆ ಬಂದಿದೆ. ಮಂಡ್ಯದ ಡಾಕ್ಟರು ಆಪರೇಷನ್ ಆಗಲೇಬೇಕೆಂದು ಹೇಳಿ ಏಳು ತಿಂಗಳಾಗಿದೆ.

ಚಲುವರಾಜು ಆತಗೂರು ಹೋಬಳಿಯ ಹಳ್ಳಿಯೊಂದರವರು. ಹತ್ತನೇ ತರಗತಿ ಮುಗಿಸಿ ಊರಲ್ಲೇ ಕೂಲಿನಾಲಿ ಮಾಡಿಕೊಂಡಿದ್ದವರು, ಪರಿಚಯದವರೊಬ್ಬರ ಹಿಂದೆ ಹೊರರಾಜ್ಯದ ಕಾರ್ಖಾನೆಯೊಂದಕ್ಕೆ ಹೋದರು. ಅಲ್ಲಿನ ಆವರಣದೊಳಗೇ ಹಳಿಗಳಿದ್ದವು. ಬಂದ ಬೋಗಿಗಳನ್ನು ಬಿಡಿಸುವುದು, ಹೋಗುವ ಬೋಗಿಗಳನ್ನು ಜೋಡಿಸುವುದು ಅವರ ಕೆಲಸ. ಎರಡು ಬೋಗಿಗಳ ನಡುವೆ ಬಗ್ಗಿ ನುಗ್ಗಿ, ಹತ್ತಾರು ಕಿಲೋ ತೂಗುವ ಸ್ಕ್ರೂ ಕೊಂಡಿಯನ್ನು ಎತ್ತಿ ಎದುರಿನ ಕೊಕ್ಕೆಗೆ ಹಾಕಿ ತಿರುಗಿಸಿ ಬಿಗಿ ಮಾಡಬೇಕು. ಹನ್ನೊಂದು ವರ್ಷ ಮಾಡಿದರು.

ಇಪ್ಪತ್ತೊಂದು ವರ್ಷದ ಹಿಂದೆ, ಮಂಜು ಬಿದ್ದಿದ್ದ ಒಂದು ಬೆಳಿಗ್ಗೆ, ಬೋಗಿ ಪೂರ್ತಿ ನಿಲ್ಲುವ ಮೊದಲೇ ಅವರು ಒಳಗೆ ಹೋದರು.

"ತಪ್ಪು ನಂದೇ. ದಿನಾ ಅಂಗೇ ಓಯ್ತಿದ್ದೊ. ನಿಂತ ಮ್ಯಾಲೆ ಓಗಿ ಅಂತ ಯಾರೂ ಕಲಿಸ್ನಿಲ್ಲ, ನಾನೂ ಕೇಳ್ನಿಲ್ಲ. ಬೋಗಿ ಒಂದು ಮೊಳ ಜಾಸ್ತಿ ಬಂತು. ಅಷ್ಟೇ. ನೋವು ಆಮೇಲ್ ಗೊತ್ತಾಯ್ತು. ಮೊದ್ಲು ಸದ್ದು ಕೇಳಿಸ್ತು."

ಕೆಲಸಕ್ಕೆ ಇಟ್ಟುಕೊಂಡಿದ್ದ ಗುತ್ತಿಗೆದಾರ ಆಸ್ಪತ್ರೆಗೆ ಸೇರಿಸಿದ, ನಂತರ ಊರಿಗೆ ಕಳಿಸಿದ. ಮೂರು ಬೆರಳು ಹೋದ ಕೈಯಲ್ಲಿ ಗುದ್ದಲಿ ನಿಲ್ಲುತ್ತಿರಲಿಲ್ಲ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಉರಿ ಹಾಕಿದರು. ಮದ್ದೂರಿನ ಹೋಟೆಲೊಂದರಲ್ಲಿ ತಟ್ಟೆ ತೊಳೆದರು. ಜಾರಿ ಒಡೆದ ಲೋಟಗಳ ಲೆಕ್ಕಕ್ಕೆ ಬೇಸತ್ತು ಅದನ್ನೂ ಬಿಟ್ಟರು. ಹೆಂಡತಿ ಹೊಂಬಾಳಮ್ಮ ಹೊಲಿಗೆ ಕಲಿತು ಮನೆ ನಡೆಸಿದರು. ನಾಲ್ಕು ವರ್ಷದ ಹಿಂದೆ ಈ ಕೇಂದ್ರದಲ್ಲಿ ಕಾವಲು ಕೆಲಸ ಸಿಕ್ಕಿತು. ಕೇಂದ್ರದಲ್ಲಿ ಯಾರೂ ಅವರ ಕೈಯ ಬಗ್ಗೆ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಕೇಂದ್ರ ನಡೆಸುವ ಅಶೋಕ್ ಎರಡು ವರ್ಷದ ಹಿಂದೆ, ಪಾಠಕ್ಕೆ ಅನುಕೂಲವಾಗಲೆಂದು, ಹವ್ಯಾಸಿಯೊಬ್ಬರಿಂದ ಈ ಪುಟ್ಟ ರೈಲುಗಳನ್ನು ಕೊಂಡು ತಂದರು. ಎಲ್ಲ ಬೋಗಿಗೂ ಆಟದ ರೈಲುಗಳಿಗೆ ಇರುವ ಬಳೆಯಂಥ ಕೊಂಡಿಗಳಿದ್ದವು. ಗುಂಡಿ ಒತ್ತಿದರೆ ಇಂಜಿನ್ ಹಿಂದೆ ಬಂದು ಬೋಗಿಗೆ ಡಿಕ್ಕಿ ಕೊಡುತ್ತಿತ್ತು, ಬಳೆ ಮೇಲೆದ್ದು ಕೊಕ್ಕೆಗೆ ಬೀಳುತ್ತಿತ್ತು. ಮೊದಲ ದಿನದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ, "ತಾನೇ ಸೇರ್ಕೊಳಂಗಿದ್ರೆ ಮನ್ಸ ಯಾಕ್ ಸಾರ್ ಬೇಕು?" ಎಂದು ಕೇಳಿದ. ಎಲ್ಲರೂ ನಕ್ಕರು. ಹಾಜರಾತಿ ಪುಸ್ತಕ ಕೊಡಲು ಬಂದ ಚಲುವರಾಜು ಬಾಗಿಲಲ್ಲೇ ನಿಂತಿದ್ದರು.

ನಾಲ್ಕು ದಿನ ಯೋಚಿಸಿ, ಐದನೆಯ ದಿನ ಅಶೋಕ್ ಅವರ ಕೋಣೆಗೆ ಹೋದರು. ಆ ದಿನವನ್ನು ಅಶೋಕ್ ಹೀಗೆ ನೆನೆಯುತ್ತಾರೆ: "ಚಲುವಣ್ಣ ಬಂದು, 'ಸಾರ್, ಆ ಕೊಂಡಿ ತೆಗೆಸ್ಬುಡಿ, ಐಕ್ಳು ಸುಳ್ ಕಲೀತವ್ರೆ' ಅಂದ್ರು. ನನಗೆ ಕೋಪ ಬಂತು. ಕಾವಲುಗಾರ ಬಂದು ಪಾಠ ಹೆಂಗೆ ಮಾಡ್ಬೇಕು ಅಂತ ಹೇಳ್ತಾನಲ್ಲ ಅಂತ. ಏನಾದ್ರೂ ಅನ್ನೋಣ ಅಂತಿದ್ದೆ. ಅವರು ಎಡಗೈ ತೆಗೆದು ಮೇಜಿನ ಮೇಲೆ ಇಟ್ರು. ಎರಡು ವರ್ಷದಿಂದ ದಿನಾ ನೋಡ್ತಿದ್ದ ಕೈ. ನಾನು ಒಂದು ದಿನಾನೂ ಕೇಳಿರ್ಲಿಲ್ಲ."

ಆದರೂ ಅಶೋಕ್ ಕೂಡಲೇ ಒಪ್ಪಲಿಲ್ಲ. ಅಷ್ಟು ಚಿಕ್ಕ ಸ್ಕ್ರೂ ಕೊಂಡಿ ಎಲ್ಲಿ ಸಿಗುತ್ತದೆ, ಸಿಕ್ಕರೂ ಹಾಕುವವರು ಯಾರು ಎಂದರು. ಎರಡು ಬೋಗಿ ಕೊಡಿ ಸಾಕು ಎಂದು ಚಲುವರಾಜು ಕೇಳಿಕೊಂಡು ಮನೆಗೆ ತಂದರು. ಸಣ್ಣ ಹಿತ್ತಾಳೆ ತಂತಿಯನ್ನು ಹೊಂಬಾಳಮ್ಮನ ಹೊಲಿಗೆ ಸೂಜಿಗೆ ಸುತ್ತಿ ಬಗ್ಗಿಸಿದರು. ತಂತಿ ಮುರಿಯಿತು. ದಪ್ಪದ ತಂತಿ ತಂದರು, ಕೊಕ್ಕೆಗೆ ಹೋಗಲಿಲ್ಲ. ಮೂರು ತಿಂಗಳು ಹೀಗೇ ಹೋಯಿತು. ಮಧ್ಯದಲ್ಲಿ ಎರಡು ಸಲ ಬೋಗಿಗಳನ್ನು ವಾಪಸ್ ಕೊಟ್ಟುಬಿಡುತ್ತೇನೆಂದು ಚೀಲಕ್ಕೆ ಹಾಕಿ, ಮತ್ತೆ ತೆಗೆದರು.

"ರಾತ್ರಿ ಕಾವ್ಲು, ಬೆಳಿಗ್ಗೆ ಇದು. ಮಲ್ಗೋದ್ ಯಾವಾಗ ಅಂತ ಜಗಳ ಆಡಿವ್ನಿ," ಎನ್ನುತ್ತಾರೆ ಹೊಂಬಾಳಮ್ಮ. "ನಿದ್ದೇಲೂ ಆ ಕೈ ಏನೋ ತಿರುವ್ತಾ ಇರ್ತದೆ ಕಣವ್ವ. ಇಲ್ದಿರೋ ಬೆರಳು ನೋಯ್ತವೆ ಅಂತ ಎದ್ದು ಕೂತ್ಕತ್ತಾರೆ. ಆ ರೈಲು ಮುಟ್ಬ್ಯಾಡಿ ಅಂದ್ರೆ ಕೇಳಕಿಲ್ಲ. ನಾನೂ ಸುಮ್ಕಾದೆ."

ನಾಲ್ಕನೆಯ ತಿಂಗಳಲ್ಲಿ ಮೊದಲ ಜೋಡಿ ಸಿದ್ಧವಾಯಿತು. ಕೊಕ್ಕೆ, ಎರಡು ಕೊಂಡಿ, ನಡುವೆ ತಿರುಗುವ ಸ್ಕ್ರೂ. ಸೊಳ್ಳೆಯ ಕಾಲಿನಂತೆ ಕಾಣುತ್ತಿದ್ದ ಅದನ್ನು ಚಿಮಟದಿಂದ ಎತ್ತಿ ಎದುರಿನ ಬೋಗಿಗೆ ಸಿಕ್ಕಿಸಲು ಅಶೋಕ್ ಅವರಿಗೆ ಹದಿನಾರು ನಿಮಿಷ ಬೇಕಾಯಿತು. ಆಮೇಲೆ ಅವರೇ, "ಹಳೇ ಬೋಗಿಗಳಿಗೆಲ್ಲ ಇದನ್ನೇ ಹಾಕಿ," ಎಂದರು.

ಅಲ್ಲಿಗೂ ವಿಷಯ ಮುಗಿಯಲಿಲ್ಲ. ಈಗಿನ ಗೂಡ್ಸ್ ಬೋಗಿಗಳಲ್ಲಿ, ಹೊಸ ಪ್ಯಾಸೆಂಜರ್ ಬೋಗಿಗಳಲ್ಲಿ ಮಡಚಿದ ಬೆರಳಿನಂಥ ಕೊಂಡಿಗಳಿರುತ್ತವೆ. ಅವು ತಾವೇ ಕಚ್ಚಿಕೊಳ್ಳುತ್ತವೆ. ಇನ್ನು ಮುಂದೆ ಎಲ್ಲ ಅದೇ ಆದ ಮೇಲೆ ಹಳೆಯದನ್ನು ಕಲಿಸಿ ಏನು ಎಂದು ಅಶೋಕ್ ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಚಲುವರಾಜು ಆ ಬೋಗಿಗಳಿಗೆ ಹೊಸ ಕೊಂಡಿಗಳನ್ನೇ ಆರಿಸಿ ಹಾಕಿದರು. ಆದರೆ ಪ್ರತಿ ಕೊಂಡಿಯ ಪಕ್ಕದಲ್ಲೂ ಕಪ್ಪು ರಬ್ಬರಿನ ದಾರದಂಥ ಎರಡು ಕೊಳವೆ ಇಳಿಬಿಟ್ಟರು. "ಕೊಂಡಿ ತಾನೇ ಕಚ್ಕೊಂಡ್ರೂ ಬ್ರೇಕಿನ ಗಾಳಿ ಪೈಪು ತಾನೇ ಸೇರ್ಕೊಳಕಿಲ್ವಲ್ಲ ಸಾರ್. ಅದ್ಕೆ ಮನ್ಸ ಒಳೀಕ್ ಓಗ್ಲೇಬೇಕು," ಎಂದರು.

ಆ ಮನುಷ್ಯನೂ ಈಗ ಮೇಜಿನ ಮೇಲಿದ್ದಾನೆ. ಕಡಲೆಕಾಯಿ ಉದ್ದದ ಪ್ಲಾಸ್ಟಿಕ್ ಬೊಂಬೆ. ಪಾಠದ ಕ್ರಮವನ್ನು ಚಲುವರಾಜು ಅವರೇ ಹೇಳಿಕೊಟ್ಟಿದ್ದಾರೆ. ಇಪ್ಪತ್ತು ಮೀಟರು ದೂರದಲ್ಲಿ ಇಂಜಿನ್ ಒಮ್ಮೆ ನಿಲ್ಲಬೇಕು. ಮೇಜಿನ ಮೇಲೆ ಅದು ಒಂದು ಗೇಣು. ಕೈಸನ್ನೆ ಆದ ಮೇಲೆ ಮೆಲ್ಲಗೆ ಬಂದು ತಾಗಿ, ಪೂರ್ತಿ ನಿಲ್ಲಬೇಕು. ಹತ್ತು ಎಣಿಸಬೇಕು. ಆಮೇಲೆ ಬೊಂಬೆಯನ್ನು ನಡುವೆ ಇಡಬೇಕು, ಜೋಡಿಸಬೇಕು, ಬೊಂಬೆಯನ್ನು ಹೊರಗೆ ತೆಗೆಯಬೇಕು, ಆಮೇಲೇ ಗುಂಡಿ ಮುಟ್ಟಬೇಕು. ಮೊದಲ ವಾರ ಎಲ್ಲ ವಿದ್ಯಾರ್ಥಿಗಳೂ ಬೊಂಬೆಯನ್ನು ಮರೆತು ರೈಲು ಬಿಡುತ್ತಾರೆ. ಬೊಂಬೆ ಉರುಳುತ್ತದೆ. ಮನೆಗೆ ಹೋಗುವ ಮುನ್ನ ಸ್ವಲ್ಪ ಹೊತ್ತು ಮೂಲೆಯಲ್ಲಿ ನಿಂತು ನೋಡುವ ಚಲುವರಾಜು ಬಯ್ಯುವುದಿಲ್ಲ. ಬಂದು ಬೊಂಬೆ ಎತ್ತಿ ಕೊಟ್ಟು, "ಇನ್ನೊಂದ್ಸಲ ಮಾಡು," ಎನ್ನುತ್ತಾರೆ.

ಎರಡು ವರ್ಷದಲ್ಲಿ ನೂರಾ ಮೂವತ್ತಕ್ಕೂ ಹೆಚ್ಚು ಮಂದಿ ಈ ಮೇಜಿನ ಮುಂದೆ ಕಲಿತು ಹೋಗಿದ್ದಾರೆ. ಅವರ ಪ್ರಮಾಣಪತ್ರದಲ್ಲಿ ಕಲಿಸಿದವರ ಹೆಸರಿನ ಜಾಗದಲ್ಲಿ ಅಶೋಕ್ ಮತ್ತಿಬ್ಬರ ಸಹಿ ಇದೆ. ಚಲುವರಾಜು ಅವರನ್ನೂ ಸೇರಿಸೋಣ ಎಂದು ಅಶೋಕ್ ಕೇಳಿದ್ದುಂಟು. "ಬ್ಯಾಡ ಬುಡಿ ಸಾರ್. ಆಮ್ಯಾಕೆ ಹಗಲೊತ್ನಲ್ಲೂ ಬಾ ಅಂತೀರ. ನಂಗೆ ನಿಂತ್ಕೊಳಕೇ ಆಗಕಿಲ್ಲ," ಎಂದರಂತೆ.

ದಣಿವು ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊಂಡಿ ಎರಡಾಗಿ ಕಾಣುತ್ತದೆ, ಯಾವುದು ನಿಜದ್ದು ಎಂದು ಚಿಮಟ ತಾಗಿಸಿ ನೋಡಿಕೊಳ್ಳಬೇಕು. ಬೆನ್ನು ಎಂಟು ಗಂಟೆಗೇ ಸೋಲುತ್ತದೆ. ಈ ತಂಡದ ಪರೀಕ್ಷೆ ಮುಗಿಯಲಿ, ಆಮೇಲೆ ಕಣ್ಣಿನ ಆಪರೇಷನ್ ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಇನ್ನೊಂದು ತಂಡ ಬಂದಿರುತ್ತದೆ. ತಮ್ಮ ಕೆಲಸವನ್ನು ಯಾರಿಗಾದರೂ ಕಲಿಸಿದ್ದೀರಾ ಎಂದರೆ, "ಇಬ್ರಿಗೆ ತೋರಿಸ್ದೆ. ಅರ್ಧ ಗಂಟೆ ಕೂತು ಎದ್ದೋದ್ರು. ಅವರ್ನ ಬೈಯಕಾಯ್ತದಾ? ನಂಗೇ ಎದ್ದೋಗುವಾ ಅನ್ನಿಸ್ತದೆ," ಎನ್ನುತ್ತಾರೆ.

ಕಳೆದ ತಿಂಗಳು ಅವರಿಗೊಂದು ಫೋನು ಬಂತು. ಮಾಡಿದ್ದು ರಂಜಿತ. ಬೆಳಕವಾಡಿಯ ಈ ಹೆಣ್ಣುಮಗಳು, ರೈಲೇ ಇಲ್ಲದ ಮಳವಳ್ಳಿ ತಾಲ್ಲೂಕಿನಿಂದ ದಿನವೂ ಎರಡು ಬಸ್ಸು ಹಿಡಿದು ಬಂದು ಕಲಿತವರು. ಈಗ ಕಾರ್ಖಾನೆಯೊಂದರ ಒಳಹಳಿಯಲ್ಲಿ ಬೋಗಿ ಜೋಡಿಸುವ ಗುತ್ತಿಗೆ ಕೆಲಸದಲ್ಲಿದ್ದಾರೆ. ನಡೆದದ್ದನ್ನು ಅವರೇ ನನಗೂ ಹೇಳಿದರು.

"ಅವತ್ತು ಲೋಡು ತಡ ಆಗಿತ್ತು. ಬೋಗಿ ಇನ್ನೂ ಬತ್ತಾ ಐತೆ, ಮೇಸ್ತ್ರಿ 'ಒಳೀಕ್ ಓಗಮ್ಮ, ಬೇಗ ಪೈಪ್ ಆಕು' ಅಂತ ಕೂಗ್ತಾವ್ನೆ. ನಾನು ಓಗ್ನಿಲ್ಲ. ಕೈ ಎತ್ಕೊಂಡು ಈಚೇಲೇ ನಿಂತ್ಕೊಂಡೆ. ಬೋಗಿ ಬಂದು ನಿಂತ್ಕೊಂತು. ಎಲ್ರೂ ನಿಂತ್ಕೊಂತು ಅಂದ್ರು. ನಾನು ಹತ್ತು ಎಣಿಸ್ತಾ ಇದ್ದೆ. ಆರು ಅನ್ನೋವಾಗ ಅದು ಮತ್ತೆ ಜಾರಿ, ಒಂದು ಮಾರು ಬಂದು ಡಬ್ ಅಂತ ಒಡೀತು. ಆಮೇಲ್ ಓಗಿ ಪೈಪ್ ಆಕ್ದೆ."

ಮಾತು ಕೇಳಲಿಲ್ಲವೆಂದು ರಂಜಿತರನ್ನು ಒಂದು ವಾರ ಗೇಟಿನ ಕೆಲಸಕ್ಕೆ ಹಾಕಿದರು. ಎಂಟನೆಯ ದಿನ ಹಳಿಗೆ ವಾಪಸ್ ಕರೆದುಕೊಂಡರು. ಈಗ ಆ ಮೇಸ್ತ್ರಿ, ಬೋಗಿ ನಿಂತ ಮೇಲೆ ಅವರ ಮುಖ ನೋಡಿ ಕಾಯುತ್ತಾನಂತೆ.

ಈ ಸಂಗತಿ ಹೇಳುವಾಗ ಮಾತ್ರ ಚಲುವರಾಜು ಚಿಮಟ ಕೆಳಗಿಟ್ಟು, ಕುರ್ಚಿಗೆ ಬೆನ್ನು ಕೊಟ್ಟು ಕೂರುತ್ತಾರೆ. ಅಷ್ಟರಲ್ಲಿ ಕೆಳಗೆ ಯಾರೋ ಗೇಟು ತಳ್ಳಿದ ಸದ್ದಾಗುತ್ತದೆ. ಬೇಗ ಬಂದ ವಿದ್ಯಾರ್ಥಿಗಳು ಮೆಟ್ಟಿಲು ಹತ್ತುತ್ತಿದ್ದಾರೆ.

"ಕೈ ಓಯ್ತು, ಕಾಲು ಓಯ್ತು ಅಂತ ಊರೆಲ್ಲಾ ಫೋನ್ ಮಾಡ್ತಾರೆ ಕಣಮ್ಮ," ಎನ್ನುತ್ತಾರೆ ಅವರು, ಏಳಲು ಮೇಜಿಗೆ ಕೈ ಊರುತ್ತಾ. "ಆ ಮಗು, ಏನೂ ಆಗ್ನಿಲ್ಲ ಅಂತ ಯೋಳಕೆ ಫೋನ್ ಮಾಡಿದ್ಲು."